ಎಳ್ಳುಕಾಳಿನಷ್ಟು ಕಲೆ

ಹಿರಿಯರೇ, ನಮಸ್ಕಾರ.

ಹೊಸನಗರ ತಾಲ್ಲೂಕಿನಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿದೆ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳಿಬಿಡುತ್ತೇನೆ.

ಪುರಾಣಗಳನ್ನು ನಡೆದ ಘಟನೆಯ ವರದಿಯಂತೆ ಓದಬೇಕಾಗಿಲ್ಲ ಎಂದು ಹಿಂದಿನ ಸಂಚಿಕೆಯಲ್ಲಿ ನಾನು ಬರೆದದ್ದು ನಿಮಗೆ ನೋವು ತಂದಿದೆ. "ಜಂಬಿಟ್ಟಿಗೆ ಗೋಡೆಯಿಂದ ಒಂದು ಕಲ್ಲು ಕಿತ್ತರೆ ಗೋಡೆ ನಿಂತೀತೇ? ಶಾಸ್ತ್ರದ ಒಂದು ಮಾತು ಸುಳ್ಳೆಂದ ಮೇಲೆ ಉಳಿದದ್ದು ನಿಜವೆಂದು ಮೊಮ್ಮಕ್ಕಳಿಗೆ ಯಾವ ಬಾಯಲ್ಲಿ ಹೇಳಲಿ? ಪರಶುರಾಮ ಬರೀ ಕತೆಯಾದರೆ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಗೆ ನಾನು ಇಷ್ಟು ವರ್ಷ ಮುಳುಗಿದ್ದು ಬರೀ ತಣ್ಣೀರಿನಲ್ಲಿಯೇ?" ಎಂದು ಕೇಳಿದ್ದೀರಿ. ದೇವರನ್ನು ನಂಬುತ್ತೀರೋ ಇಲ್ಲವೋ, ಸುತ್ತಿ ಬಳಸದೆ ಹೇಳಿ ಎಂದೂ ಕೇಳಿದ್ದೀರಿ. ಇಲ್ಲಿಗೆ ಮೂರು ಪುಟ. ನಾಲ್ಕನೆಯ ಪುಟದ ಶಾಯಿ ಬೇರೆ, ಅಕ್ಷರವೂ ನಡುಗಿದೆ. ಎರಡು ವರ್ಷದ ಹಿಂದೆ ಮನೆಯವರು ತೀರಿಕೊಂಡದ್ದು, ಅವರು ಮಲಗಿದ್ದಾಗ ಮಾಡಿಸಿದ ಶಾಂತಿ, ಜಪ, ಹೊತ್ತ ಹರಕೆ ಎಲ್ಲವನ್ನೂ ಬರೆದು, "ಒಂದು ದಿನವೂ ಪೂಜೆ ತಪ್ಪಿಸಿದವನಲ್ಲ, ನನ್ನಿಂದ ಏನು ಲೋಪವಾಯಿತು?" ಎಂದು ನಿಲ್ಲಿಸಿದ್ದೀರಿ. ಅವರು ಹೋದ ಮೇಲೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಸೀಮಂತದ ಅಡುಗೆಯ ಬುಟ್ಟಿ ಹೊರುವುದನ್ನೂ ಬಿಟ್ಟೆ ಎಂದು ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಿ.

ಮೊದಲ ಮೂರು ಪುಟಕ್ಕೂ ಕೊನೆಯದಕ್ಕೂ ಸಂಬಂಧವಿಲ್ಲ ಎಂದು ನಿಮಗನ್ನಿಸಿರಬಹುದು. ಓದಿದ ನನಗೆ ಎರಡೂ ಒಂದೇ ಪ್ರಶ್ನೆ ಎನಿಸಿತು. ಶಾಸ್ತ್ರವನ್ನು ಅಕ್ಷರಕ್ಕೆ ಅಕ್ಷರ ಹಿಡಿಯುವ ಓದು ಇದೆಯಲ್ಲ, ಅದೇ ನಿಮ್ಮನ್ನು ತಂದು ಆ ನಾಲ್ಕನೆಯ ಪುಟದಲ್ಲಿ ಒಂಟಿಯಾಗಿ ನಿಲ್ಲಿಸಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿರಲಿ.

ತೀರ್ಥಹಳ್ಳಿಯಿಂದಲೇ ಶುರು ಮಾಡೋಣ. ತಂದೆ ಜಮದಗ್ನಿಯ ಮಾತಿಗೆ ತಾಯಿ ರೇಣುಕೆಯ ತಲೆ ಕಡಿದ ಪರಶುರಾಮ ಕೊಡಲಿಯ ನೆತ್ತರನ್ನು ಎಲ್ಲೆಲ್ಲಿಯ ತೀರ್ಥದಲ್ಲೋ ತೊಳೆದ, ಎಳ್ಳುಕಾಳಿನಷ್ಟು ಕಲೆ ಮಾತ್ರ ಹೋಗಲೇ ಇಲ್ಲ, ತುಂಗೆಯ ಈ ಕುಂಡದಲ್ಲಿ ಅದ್ದಿದಾಗ ಅದೂ ಕರಗಿತು. ಇದು ನಾವಿಬ್ಬರೂ ಚಿಕ್ಕಂದಿನಿಂದ ಕೇಳಿದ ಕತೆ. ನನಗೆ ಇದನ್ನು ಪಿತೃವಾಕ್ಯ ಪರಿಪಾಲನೆ ಎಂದು ಹೇಳಿಕೊಟ್ಟಿದ್ದರು. ಅಪ್ಪ ಹೇಳಿದ, ಮಗ ಮಾಡಿದ, ಅಪ್ಪ ಮೆಚ್ಚಿ ವರ ಕೊಟ್ಟ, ತಾಯಿ ಎದ್ದು ಕೂತಳು. ಅಕ್ಷರಶಃ ಓದಿದರೆ ಲೆಕ್ಕ ಅಲ್ಲಿಗೆ ಚುಕ್ತಾ. ಹಾಗಾದರೆ ಆ ಕಲೆ ಯಾಕೆ ಉಳಿಯಿತು? ಮಾಡಿದ್ದು ಧರ್ಮವೇ ಆಗಿದ್ದರೆ ಮೊದಲ ಮುಳುಗಿಗೇ ಕೊಡಲಿ ತೊಳೆದು ಹೋಗಬೇಕಿತ್ತಲ್ಲ? ಆ ಎಳ್ಳುಕಾಳನ್ನು ಕತೆಯೊಳಗೆ ತಂದಿಟ್ಟವರು ನಮ್ಮ ಹಿರಿಯರೇ. ತಂದೆಯ ಮಾತು ದೊಡ್ಡದು ಎಂದು ಕೇಳಿಸಿಕೊಂಡ ಮೇಲೂ ಅವರ ಕರುಳು ಅದನ್ನು ಒಪ್ಪಲಿಲ್ಲ. ನೀವು ವರ್ಷ ವರ್ಷ ಮಾರ್ಗಶಿರದ ಚಳಿಯಲ್ಲಿ ಮುಳುಗೆದ್ದದ್ದು ಆ ಒಪ್ಪದ ಕರುಳಿನ ಜೊತೆಗೆ. ಮಳೆಗಾಲದ ಸೆಳವಿಗೆ ಸಿಕ್ಕ ಗುಂಡುಕಲ್ಲು ಒಂದೇ ತಗ್ಗಿನಲ್ಲಿ ವರ್ಷಗಟ್ಟಲೆ ತಿರುಗಿ ತಿರುಗಿ ಹೊಳೆಯ ಬಂಡೆಗಳಲ್ಲಿ ಕುಂಡ ಕೊರೆಯುತ್ತದೆ ಎಂದು ಭೂವಿಜ್ಞಾನ ಓದಿದವರು ಹೇಳುತ್ತಾರೆ. ಹೇಳಲಿ, ಅದು ನಿಜ. ಅದನ್ನು ಕೇಳಿ ಆ ಎಳ್ಳುಕಾಳೇನೂ ಕಳೆದುಹೋಗುವುದಿಲ್ಲ. ಪರಶುರಾಮ ಇದ್ದನೋ ಇಲ್ಲವೋ ಎಂದು ಜಗಳ ಕಾಯುತ್ತಾ ಕೂತವರ ಕಣ್ಣಿಗೇ ಅದು ಬೀಳುವುದಿಲ್ಲ.

ಇದೇ ಜಿಲ್ಲೆಯ ಇನ್ನೊಂದು ತುದಿಗೆ ಹೋದರೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಗುಡ್ಡದ ಗುಹೆಯಲ್ಲಿ ಅದೇ ರೇಣುಕೆ ದೇವಿಯಾಗಿದ್ದಾಳೆ. ಕಡಿಸಿಕೊಂಡವಳಿಗೆ ಕೈ ಮುಗಿಯುತ್ತೇವೆ, ಕಡಿದವನ ಕೊಡಲಿ ತೊಳೆದ ನೀರಿನಲ್ಲಿ ಮೀಯುತ್ತೇವೆ. ಕಡಿ ಎಂದ ಜಮದಗ್ನಿಗೆ ಜಾತ್ರೆ ಮಾಡುವ ಊರನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಜನ ಕತೆಯನ್ನು ಹೇಗೆ ಓದಿಕೊಂಡರು ಎಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೇ?

ನಿಮ್ಮ ಗೋಡೆಯ ಮಾತಿಗೂ ಉತ್ತರ ಚಂದ್ರಗುತ್ತಿಯಲ್ಲೇ ಇದೆ. ಅಲ್ಲಿ ಬೆತ್ತಲೆ ಸೇವೆ ನಡೆಯುತ್ತಿದ್ದುದು ನಿಮಗೆ ಗೊತ್ತು. ಹರಕೆ ಹೊತ್ತ ಹೆಂಗಸರು, ಹೆಚ್ಚಿನವರು ಬಡವರು, ವರದಾ ನದಿಯಲ್ಲಿ ಮಿಂದು ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡ ಹತ್ತುತ್ತಿದ್ದರು. ಅದನ್ನು ತಡೆದರೆ ದೇವಿ ಸುಮ್ಮನಿರುವುದಿಲ್ಲ, ಇದೊಂದನ್ನು ನಿಲ್ಲಿಸಿದರೆ ನಾಳೆ ಗುಡಿಗೇ ಬಾಗಿಲು ಎಂದು ಹೇಳಿದವರು ಆಗಲೂ ಇದ್ದರು. 1986ರಲ್ಲಿ ಅಲ್ಲಿ ದೊಡ್ಡ ಗಲಾಟೆಯಾಯಿತು, ಆಮೇಲೆ ಸರ್ಕಾರ ಸೇವೆಯನ್ನು ನಿಷೇಧಿಸಿತು. ಕಲ್ಲು ಕಿತ್ತದ್ದಾಯಿತು. ಗುಡಿ ಹಾಗೇ ಇದೆ, ಜಾತ್ರೆಗೆ ಜನ ಬರುತ್ತಾರೆ, ಹೆಂಗಸರು ಸೀರೆಯುಟ್ಟು ಉಡಿ ತುಂಬುತ್ತಾರೆ.

ಇದೆಲ್ಲ ಜನಪದರ ಮಾತು, ಶಾಸ್ತ್ರ ಬಲ್ಲವರು ಒಪ್ಪುತ್ತಾರೆಯೇ ಎಂದು ನೀವು ಕೇಳಬಹುದು. ವೇದವನ್ನು ಯಾರೂ ರಚಿಸಿದ್ದಲ್ಲ, ಅದರಲ್ಲಿ ತಪ್ಪೇ ಇರಲಾರದು ಎಂದು ನಂಬಿದ ಮೀಮಾಂಸಕರಿಗಿಂತ ಕಟ್ಟಾ ಶ್ರದ್ಧೆಯವರು ಯಾರಿದ್ದಾರೆ? ಅವರಿಗೆ ವೇದದಲ್ಲೇ 'ಯೂಪವೇ ಸೂರ್ಯ' ಎಂಬ ಮಾತು ಸಿಕ್ಕಿತು. ಯಜ್ಞದ ಪಶುವನ್ನು ಕಟ್ಟುವ ಮರದ ಕಂಬ ಸೂರ್ಯನಾಗಲು ಸಾಧ್ಯವೇ? ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಇದು ಅರ್ಥವಾದ, ಹೊಗಳಿಕೆಯ ಮಾತು, ಇದನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂದರು. ಅವರಲ್ಲೇ ಒಬ್ಬನಾದ ಶಬರಸ್ವಾಮಿ ಇನ್ನೂ ಮುಂದೆ ಹೋಗಿ, ದೇವತೆಗಳಿಗೆ ಮೈ ಎಂಬುದಿಲ್ಲ, ನಾವು ಕೊಟ್ಟ ಹವಿಸ್ಸನ್ನು ಅವರು ಉಣ್ಣುವುದಿಲ್ಲ ಎಂದು ಭಾಷ್ಯ ಬರೆದ. ಇವತ್ತು ನಾನು ಹಾಗೆ ಬರೆದರೆ ಎಷ್ಟು ಕಾಗದ ಬರುತ್ತವೋ!

ಇನ್ನು ತುಂಗೆಯ ಮೇಲ್ದಡದಲ್ಲಿ ಶೃಂಗೇರಿಯಿದೆ, ಅಲ್ಲಿಗೆ ನೀವು ನಡೆದುಕೊಳ್ಳುವವರು. ಆ ಪೀಠಕ್ಕೆ ಮೂಲಗುರುವಾದ ಶಂಕರರು ಗೀತಾಭಾಷ್ಯದ ಹದಿನೆಂಟನೆಯ ಅಧ್ಯಾಯದಲ್ಲಿ, ಬೆಂಕಿ ತಣ್ಣಗಿದೆ, ಅದಕ್ಕೆ ಬೆಳಕಿಲ್ಲ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎನ್ನುತ್ತಾರೆ. ಕಣ್ಣಿಗೆ ಕಂಡ ಸತ್ಯಕ್ಕೆ ವಿರುದ್ಧವಾಗಿ ಶ್ರುತಿ ಹೇಳಿದಂತೆ ತೋರಿದರೆ ಬೇರೆ ಅರ್ಥ ಹುಡುಕಿ ಎಂದು ಅವರೇ ದಾರಿ ತೋರಿಸಿದ್ದಾರೆ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವಂತೂ ಈ ಸೃಷ್ಟಿ ಎಲ್ಲಿಂದ ಬಂತು ಎಂದು ಕೇಳುತ್ತಾ ಹೋಗಿ, ಮೇಲಿನ ಆಕಾಶದಲ್ಲಿದ್ದು ಇದನ್ನೆಲ್ಲ ನೋಡುವವನಿಗೆ ಅದು ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲವೇನೋ ಎಂದು ಮುಗಿಯುತ್ತದೆ. ಅಂಥ ಪ್ರಶ್ನೆಯನ್ನು ವೇದದಿಂದ ಕಿತ್ತು ಹಾಕದೆ ಬಾಯಿಪಾಠ ಮಾಡಿ ಮಕ್ಕಳಿಗೆ ದಾಟಿಸಿದವರನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ನಿಮ್ಮ ಮೊಮ್ಮಕ್ಕಳು ಕೇಳುವ ಪ್ರಶ್ನೆ ಅದಕ್ಕಿಂತ ದೊಡ್ಡದಲ್ಲ. ಕೇಳಲಿ ಬಿಡಿ.

ಇನ್ನು ನಾಲ್ಕನೆಯ ಪುಟ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ನಮ್ಮ ಚಿಕ್ಕಮ್ಮನಿಗೆ ಜ್ವರ ಬಂತು. ಕಣ್ಣು ಕೆಂಡದಂತೆ ಕೆಂಪು, ತಲೆ ಎತ್ತಲಾಗದ ನೋವು, ಮೂರನೆಯ ದಿನ ಒಸಡಿನಲ್ಲಿ ರಕ್ತ. ಆ ಮೂರು ದಿನವೂ ಮನೆಯವರು ನೋಟ ಕೇಳಿಸುವುದರಲ್ಲೇ ಕಳೆದರು. ಮುಟ್ಟಾಗಿದ್ದಾಗ ದರಗು, ಅಂದರೆ ಉದುರಿದ ಒಣ ಎಲೆ, ತರಲು ಬನದ ಪಕ್ಕದ ಬೆಟ್ಟಕ್ಕೆ ಹೋಗಿದ್ದಾಳೆ, ಅದಕ್ಕೇ ಬನದ ದೇವತೆ ಚೌಡಿ ಮುನಿದಿದ್ದಾಳೆ ಎಂದಾಯಿತು. ಆಮೇಲೆ ಆಸ್ಪತ್ರೆಗೆ ಹೊತ್ತೊಯ್ದರು. ಅದು ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲೇ ಪತ್ತೆಯಾಗಿತ್ತು. ಬೇಸಿಗೆಯಲ್ಲಿ ದರಗಿನಲ್ಲಿ ಸಣ್ಣ ಉಣುಗುಗಳಿರುತ್ತವೆ, ಅವು ಕಚ್ಚಿದರೆ ವೈರಸ್ ಮೈಗೆ ಹತ್ತುತ್ತದೆ. ಮುಟ್ಟಾದವರನ್ನು ಬಿಟ್ಟು ಮಡಿಯವರನ್ನು ಕಚ್ಚುವುದು, ಮಡಿಯವರನ್ನು ಬಿಟ್ಟು ಮುಟ್ಟಾದವರನ್ನು ಕಚ್ಚುವುದು ಉಣುಗಿಗೆ ಗೊತ್ತಿಲ್ಲ. ಹನುಮಂತನ ವಂಶವೆಂದು ನಾವು ಕೈಮುಗಿಯುವ ಮಂಗಗಳೇ ಅದರಿಂದ ಮೊದಲು ಸಾಯುತ್ತವೆ. ಅವುಗಳ ಲೋಪವೇನು?

ಚಿಕ್ಕಮ್ಮ ಬದುಕಿದಳು. ಆದರೆ ಆಮೇಲೆ ಯಾವ ಮನೆಯ ಕಾರ್ಯದಲ್ಲೂ ಮುಂದೆ ಬಂದು ನಿಂತದ್ದನ್ನು ನಾನು ಕಾಣೆ. ತನ್ನಿಂದಲೇ ಮನೆಗೆ ಕಷ್ಟ ಬಂತು ಎಂದು ಸಾಯುವವರೆಗೂ ನಂಬಿದ್ದಳು. ಜ್ವರ ಹದಿನೈದು ದಿನಕ್ಕೆ ಬಿಟ್ಟಿತ್ತು, ಇದು ಮೂವತ್ತು ವರ್ಷ ಬಿಡಲಿಲ್ಲ. ನಿಮ್ಮ ಕೊನೆಯ ಸಾಲು ಓದಿದಾಗ ನನಗೆ ಅವಳ ಮುಖವೇ ಕಣ್ಣಿಗೆ ಕಟ್ಟಿತು. ದಯವಿಟ್ಟು ಕೇಳಿ, ನಿಮ್ಮಿಂದ ಯಾವ ಲೋಪವೂ ಆಗಿಲ್ಲ. ನಿಮ್ಮ ಮನೆಯವರಿಗೆ ಬಂದದ್ದು ಕಾಯಿಲೆ. ಅದು ತೀರ್ಪಲ್ಲ, ಶಿಕ್ಷೆಯಲ್ಲ.

ನೀವು ಕೇಳಿದ ನೇರ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಎಲ್ಲೋ ಮೇಲೆ ಕೂತು, ಯಾರು ದೀಪ ಹಚ್ಚಿದರು ಯಾರು ಹಚ್ಚಲಿಲ್ಲ ಎಂದು ಬರೆದಿಟ್ಟು, ತಪ್ಪಿದವರ ಮನೆಗೆ ರೋಗ ಕಳಿಸುವ ಒಬ್ಬನನ್ನು ನಾನು ನಂಬುವುದಿಲ್ಲ. ಅವನನ್ನು ದೇವರೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಹಾಗೆಂದು ಕೈ ಮುಗಿಯುವುದನ್ನು ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಎಂಬುದನ್ನು ನನ್ನ ಅಜ್ಜಿಯ ಮಾತಿನಲ್ಲಿ ಹೇಳಬೇಕು. ನಮ್ಮ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಭೂತಪ್ಪನ ಕಲ್ಲಿತ್ತು. ಒಂದು ಆಷಾಢದಲ್ಲಿ ಧರೆ ಕುಸಿದು ಅದು ಕೊಚ್ಚಿಹೋಯಿತು. ಮಳೆ ಹೊಳವಾದ ದಿನ ಅಜ್ಜಿ ಸೀರೆ ಎತ್ತಿ ಕಟ್ಟಿ ಹಳ್ಳಕ್ಕಿಳಿದಳು. ಒಂದೊಂದೇ ಕಲ್ಲೆತ್ತಿ ಬುಡ ತಿರುಗಿಸಿ ನೋಡಿದಳು. ಕೂರಿಸಿದರೆ ಉರುಳಬಾರದಲ್ಲ, ತಳ ಚಪ್ಪಟೆಯಿದ್ದ ಒಂದನ್ನು ಆರಿಸಿದಳು. ಸೆರಗಿನಲ್ಲಿ ಒರೆಸಿ, ಹಲಸಿನ ಬುಡದಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಒಂದು ದಾಸವಾಳ ಇಟ್ಟಳು. "ಅಜ್ಜಿ, ಇದು ಹಳೇ ಭೂತಪ್ಪನೇ?" ಎಂದೆ. "ಕಲ್ಲು ಹೋಯ್ತು ಮಾರಾಯ, ಅವ್ನೆಲ್ಲಿ ಹೋಗ್ತಾನೆ?" ಎಂದು ಸೊಂಟ ಹಿಡಿದುಕೊಂಡು ದಂಡೆ ಹತ್ತಿದಳು. ಅಕ್ಷರ ಬಾರದವಳು ಅವಳು.

ಎಲ್ಲಿಗೆ ನಿಲ್ಲಿಸುತ್ತೀರಿ, ಯಾವುದು ಕತೆ ಯಾವುದು ನಿಜ ಎಂದು ಗೆರೆ ಎಳೆದು ಕೊಡಿ ಎಂದರೆ ನನ್ನಿಂದಾಗದು. ಒಂದನ್ನು ಮಾತ್ರ ನೋಡುತ್ತೇನೆ. ನಂಬಿದ ಮಾತು ಯಾರದಾದರೂ ತಲೆಯ ಮೇಲೆ ಪಾಪದ ಹೊರೆ ಹೊರಿಸುತ್ತಿದ್ದರೆ, ಅದು ಯಾವ ಗ್ರಂಥದಲ್ಲಿದ್ದರೂ ಸರಿ, ಮತ್ತೊಮ್ಮೆ ಓದುತ್ತೇನೆ.

ಬುಟ್ಟಿಯನ್ನು ಯಾಕೆ ಬಿಟ್ಟಿರಿ? ಭೂಮಿ ನಿಜವಾಗಿ ಬಸುರಿಯಲ್ಲ ಎಂಬುದು ಭತ್ತ ಹೊಡೆ ತುಂಬುವ ಹೊತ್ತಿಗೆ ಸೀಮಂತದ ಅಡುಗೆ ಹೊತ್ತು ಗದ್ದೆಗೆ ಹೋಗುವ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಗೊತ್ತಿದ್ದೂ ಅವರು ರಾತ್ರಿಯಿಡೀ ನಿದ್ದೆಗೆಟ್ಟು ಬೇಯಿಸುತ್ತಾರೆ, ಬೆಳಕು ಹರಿಯುವ ಮೊದಲೇ ಪೈರಿಗೆ ಪೂಜೆ ಮಾಡಿ ಗದ್ದೆಗೆ ಬೀರುತ್ತಾರೆ, ಕಾಗೆಗೊಂದು ಪಾಲಿಟ್ಟು ಬದುವಿನಲ್ಲೇ ಕೂತು ಉಣ್ಣುತ್ತಾರೆ. ನಿಮ್ಮ ಮನೆಯವರು ಎಷ್ಟೋ ವರ್ಷ ಮಾಡಿದ ಕೆಲಸ ಅದು.

ಹುಣ್ಣಿಮೆಗೆ ಇನ್ನೂ ದಿನವಿದೆ. ಅವರು ಹಚ್ಚಂಬಲಿಗೆ, ಆ ಬುಟ್ಟಿಯ ಬೆರಕೆ ಸೊಪ್ಪಿನ ಅಡುಗೆಗೆ, ಯಾವ ಯಾವ ಸೊಪ್ಪು ಕೊಯ್ದು ತರುತ್ತಿದ್ದರು, ಯಾವ ಬೇಲಿಯಿಂದ, ಯಾವ ಹಕ್ಕಲಿನಿಂದ ಎಂದು ನಿಮಗೆ ನೆನಪಿದ್ದಷ್ಟು, ಉಳಿದದ್ದು ಸೊಸೆಯನ್ನು ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೊಂದು ಪುಟ ಖಾಲಿ ಇಟ್ಟಿದ್ದೇನೆ.

ನಿಮ್ಮ,
ಸಂಪಾದಕ