ದುರಂತ ನಾಯಕನ ಪತನಕ್ಕೆ ಅವನೇ ಕಾರಣನಾ, ವಿಧಿ ಕಾರಣವಾ?

ಅವನೇ ಅಂತ ನಾನು ಹೇಳ್ತೀನಿ. ಆದರೆ ‘ಕಾರಣ’, ‘ಅಪರಾಧಿ’ ಎರಡನ್ನೂ ಕಲಸಬೇಡ್ರಿ. ಪರೀಕ್ಷೆಯ ಗೈಡುಗಳು ಎಡವೋದೇ ಅಲ್ಲಿ. ದುರಂತ ನಾಯಕನನ್ನು ಕೆಡವುವ ತಪ್ಪಿಗೆ ಗ್ರೀಕ್ ಚಿಂತಕ ಅರಿಸ್ಟಾಟಲ್ ಬಳಸಿದ ‘ಹಮಾರ್ಟಿಯಾ’ ಪದಕ್ಕೆ ‘ನಾಯಕನ ದುರ್ಗುಣ’ ಅಂತ ಬರೆದು ಮುಗಿಸ್ತಾರೆ. ಆ ಪದದ ಮೂಲ ಅರ್ಥ ಗುರಿ ತಪ್ಪುವುದು. ಗುರಿ ತಪ್ಪಿದವನು ಕೆಟ್ಟವನೇ ಆಗಿರಬೇಕಿಲ್ಲ. ಬಾಣ ಬಿಟ್ಟವನಂತೂ ಅವನೇ.

ಕಾಲೇಜಿನಲ್ಲಿದ್ದಾಗ ಕಲಬುರಗಿಯಲ್ಲಿ ಕಾರ್ನಾಡರ ‘ತುಘಲಕ್’ (1964) ಆಡಿದ್ದೆವು. ನನಗೆ ಆಸ್ಥಾನದ ಇತಿಹಾಸಕಾರ ಬರನಿಯ ಪಾತ್ರ, ಅಂದರೆ ಬಹುಪಾಲು ಸುಲ್ತಾನನ ಪಕ್ಕ ನಿಂತು ಕೇಳಿಸಿಕೊಳ್ಳುವ ಕೆಲಸ. ತಾಲೀಮಿನಲ್ಲಿ ನಿಂತು ನಿಂತೇ ಒಂದು ವಿಷಯ ಹೊಳೀತು. ನಾಟಕದ ಶುರುವಿಗೇ ಒಬ್ಬ ಬಡ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಧರ್ಮ ನೋಡದ ನ್ಯಾಯ ಅಂತ ಸುಲ್ತಾನನಿಗೆ ಹೆಮ್ಮೆ. ಆದರೆ ಆ ಬ್ರಾಹ್ಮಣ, ವೇಷ ಹಾಕಿದ ಅಜೀಜ್ ಎಂಬ ಅಗಸ. ಮೋಸಗಾರ ಒಳಗೆ ಬಂದದ್ದು ಸುಲ್ತಾನನ ದೌರ್ಜನ್ಯದ ಬಾಗಿಲಿನಿಂದಲ್ಲ, ಅವನ ನ್ಯಾಯದ ಬಾಗಿಲಿನಿಂದ! ಮುಂದೆ ಸುಲ್ತಾನ ತಾಮ್ರದ ನಾಣ್ಯ ತಂದಾಗಲೂ ಅಷ್ಟೇ. ಜನ ನನ್ನನ್ನು ನಂಬಿದರೆ ತಾಮ್ರಕ್ಕೂ ಬೆಳ್ಳಿಯ ಬೆಲೆ ಬರುತ್ತದೆ ಅನ್ನೋದು ಅವನ ಲೆಕ್ಕ. ಖೋಟಾ ನಾಣ್ಯಗಳ ರಾಶಿ ಅವನು ಆಸೆಪಟ್ಟು ಬೆಳೆಸಿದ ಗುಲಾಬಿ ತೋಟದಲ್ಲೇ ಬೀಳುತ್ತದೆ.

ವಿಧಿ ಎಲ್ಲಿ ಅಂದರೆ, ಗ್ರೀಕ್ ದುರಂತ ನಾಟಕದ ದೊರೆ ಈಡಿಪಸನ ಕತೆ ನೋಡ್ರಿ. ತಂದೆಯನ್ನು ಕೊಲ್ಲುವುದು, ತಾಯಿಯನ್ನು ಮದುವೆಯಾಗುವುದು ಹುಟ್ಟುವ ಮೊದಲೇ ನುಡಿದದ್ದು. ಅದಕ್ಕೆ ಅವನು ಹೊಣೆಯಲ್ಲ. ಆದರೆ ರಂಗದ ಮೇಲೆ ನಡೆಯುವುದು ಅದಲ್ಲ, ನಿಜ ಏನೆಂದು ಅವನೇ ನಡೆಸುವ ವಿಚಾರಣೆ. ಇಷ್ಟಕ್ಕೇ ಬಿಡು ಅಂತ ಅವನ ತಾಯಿಯೂ ಹೆಂಡತಿಯೂ ಆದ ಯೊಕಾಸ್ಟಾ ಬೇಡಿಕೊಂಡರೂ ಅವನು ಬಿಡುವುದಿಲ್ಲ. ರನ್ನನ ದುರ್ಯೋಧನನೂ ಹಾಗೆಯೇ. ತೊಡೆಗೆ ಬಿದ್ದ ಏಟು ಭೀಮನದು, ಅದೂ ನಿಯಮ ಮೀರಿದ್ದು. ಆದರೆ ಭೀಮನ ಮೂದಲಿಕೆ ತಾಳದೆ ಕೊಳದಿಂದ ಎದ್ದು ಬಂದವನು ಅವನೇ.

ಕಲಬುರಗಿಯವರಿಗೆ ತುಘಲಕ್ ಸುಮ್ಮನೆ ದೂರದ ದಿಲ್ಲಿಯ ಕತೆಯಲ್ಲ ಅನ್ನಿ. ಇತಿಹಾಸದ ಮಹಮ್ಮದ್ ಬಿನ್ ತುಘಲಕ್ ವಿರುದ್ಧ ದಖ್ಖನ್ನಿನ ಅಮೀರರು ಬಂಡೆದ್ದು, 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ, ನಮ್ಮೂರು ಅದರ ರಾಜಧಾನಿ ಆಯಿತು. ಅವನು ಸತ್ತದ್ದು 1351ರಲ್ಲಿ, ಸಿಂಧ್ ಕಡೆ ದಂಡಯಾತ್ರೆಯಲ್ಲಿ ಕಾಯಿಲೆ ಬಿದ್ದು. ನಾಟಕದಲ್ಲಿ ಆ ಸಾವೂ ಇಲ್ಲ, ಸಿಂಹಾಸನದ ಮೇಲೆ ನಿದ್ದೆ ಹೋಗುತ್ತಾನೆ, ಅಷ್ಟೇ.

ಅದಕ್ಕೆ ತುಸು ಮುಂಚಿನ ಭಾಗವನ್ನೊಮ್ಮೆ ಓದ್ರಿ. ಅಜೀಜ್ ಸಿಕ್ಕಿಬಿದ್ದು ತನ್ನ ಮೋಸಗಳನ್ನೆಲ್ಲ ಒಪ್ಪಿಕೊಂಡಿದ್ದಾನೆ. ಇವನನ್ನು ಶಿಕ್ಷಿಸಲೇಬೇಕು ಅಂತ ಬರನಿ ಕೂಗಾಡುತ್ತಾನೆ. ನಾನೂ ಗಂಟಲು ಹರಿಯೋ ಹಾಗೆ ಕೂಗಿದ್ದೆ. ಸುಲ್ತಾನ ಅಜೀಜನನ್ನು ಬಿಟ್ಟುಬಿಡುತ್ತಾನೆ. ಅಷ್ಟು ವರ್ಷ ತನ್ನ ಪ್ರತಿ ಫರ್ಮಾನನ್ನೂ ಅಕ್ಷರಶಃ ನಂಬಿ ನಡೆದವನು ಅವನೊಬ್ಬನೇ ಅಂತ ಸುಲ್ತಾನನಿಗೆ ಗೊತ್ತು.