ಬ್ರೆಜಿಲ್‌ನ ಸುದ್ದಿ ಓದಿ ನಾನು ಆಡಿದ ಮಾತು

‘ಹಣಕಾಸಿನ ಸುದ್ದಿಯನ್ನು ಹಾಗೇ ನಂಬಿ, ಈಗ ನೆನೆಸಿಕೊಂಡರೆ ನಾಚಿಕೆ ಆಗುವಂಥದ್ದು ಏನಾದರೂ ಮಾಡಿದ್ದೀರಾ?’ ಅಂತ ಕೇಳಿದ್ದೀರಿ. ಮಾಡಿದ್ದೇನೆ. ನನ್ನದು ಷೇರಿನ ಕಥೆ ಅಲ್ಲ, ಕಾಫಿಯದ್ದು.

ಮೂಡಿಗೆರೆ ಹತ್ತಿರ ನಮ್ಮದು ನಾಲ್ಕು ಎಕರೆ ರೊಬಸ್ಟಾ ಜಾತಿಯ ಕಾಫಿ ತೋಟ. 2021ರ ಜುಲೈ, ಜೋರು ಮಳೆ. ಆ ವರ್ಷದ ಚೆರಿಯಲ್ಲಿ (ಒಣಗಿಸಿದ ಕಾಫಿ ಹಣ್ಣು) ಅರ್ಧ ಇನ್ನೂ ಮನೆಯಲ್ಲೇ ಇತ್ತು. ಆಗ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಗಿದೆ, ಕಾಫಿ ಬೆಲೆ ಪೌಂಡಿಗೆ ಎರಡು ಡಾಲರ್ ದಾಟಿದೆ ಅಂತ ಸುದ್ದಿ ಬಂತು. ಗೋಡೆಯ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ಐವತ್ತು ಕೆಜಿ ಮೂಟೆ ಅಂದರೆ 110 ಪೌಂಡ್. ಡಾಲರಿಗೆ 74 ರೂಪಾಯಿ. ಮೂಟೆಗೆ ಹದಿನಾರು ಸಾವಿರ! ನಮ್ಮೂರ ವ್ಯಾಪಾರಿ ಹೇಳುತ್ತಿದ್ದ ಬೆಲೆ ಅದರ ಮೂರನೇ ಒಂದು ಭಾಗವೂ ಇರಲಿಲ್ಲ.

ಅಪ್ಪ ಎಷ್ಟು ಹೇಳಿದರೂ ಕೇಳದೆ ಆ ವ್ಯಾಪಾರಿಯ ಅಂಗಡಿಗೆ ಹೋದೆ. ಅವರು ಅಪ್ಪನ ವಯಸ್ಸಿನವರು. ನನ್ನ ಕಾಲೇಜು ಫೀಸಿಗೆ ಒಂದು ವರ್ಷ ಮುಂಗಡ ಕೊಟ್ಟವರು. ನಾಲ್ಕು ಜನರ ಮುಂದೆ, ‘ನೀವೆಲ್ಲ ಸೇರಿ ಬೆಳೆಗಾರರನ್ನು ಮುಳುಗಿಸ್ತಿದ್ದೀರಿ’ ಅಂದುಬಿಟ್ಟೆ. ಮೊಬೈಲಿನಲ್ಲಿದ್ದ ಸುದ್ದಿ ತೋರಿಸಿದೆ. ಅವರು ಜೋರು ಮಾಡಲಿಲ್ಲ. ‘ಅದು ಅರೇಬಿಕಾ ಕಣಪ್ಪ, ನಿಂದು ರೊಬಸ್ಟಾ’ ಅಂದರು. ನಾನು ಅದನ್ನೂ ನುಣುಚಿಕೊಳ್ಳುವ ಮಾತು ಅಂದುಕೊಂಡು ಎದ್ದು ಬಂದೆ.

ಅವರು ಹೇಳಿದ್ದು ಪೂರ್ತಿ ನಿಜ. ಪೌಂಡಿನ ಲೆಕ್ಕದ ಆ ಬೆಲೆ ನ್ಯೂಯಾರ್ಕ್ ಮಾರುಕಟ್ಟೆಯದು, ಅರೇಬಿಕಾ ಅನ್ನುವ ಬೇರೆ ಜಾತಿಯ ಕಾಫಿಯದ್ದು. ರೊಬಸ್ಟಾಕ್ಕೆ ನೋಡಬೇಕಾದದ್ದು ಲಂಡನ್ ಬೆಲೆ, ಅದು ಟನ್ನಿಗೆ ಡಾಲರ್ ಲೆಕ್ಕ. ಹಿಮ ಹೆಚ್ಚಾಗಿ ಹೊಡೆದದ್ದೂ ಅರೇಬಿಕಾ ಬೆಳೆಯುವ ಕಡೆಗೇ. ಇನ್ನೊಂದು ವಿಷಯ, ಇದು ಬೆಳೆಗಾರನ ಮಗನಾಗಿ ನನಗೆ ಹೊಳೆಯಲೇಬೇಕಿತ್ತು. ಅಲ್ಲಿಯ ಬೆಲೆ ಸಿಪ್ಪೆ ತೆಗೆದ ಬೇಳೆಗೆ. ನಮ್ಮ ಹತ್ತಿರ ಇದ್ದದ್ದು ಸಿಪ್ಪೆ ಸಮೇತ ಒಣಗಿಸಿದ ಚೆರಿ. ಐವತ್ತು ಕೆಜಿ ಚೆರಿ ಹಲ್ಲಿಂಗ್ ಮಾಡಿಸಿದರೆ, ಅಂದರೆ ಸಿಪ್ಪೆ ತೆಗೆಸಿದರೆ, ಬೇಳೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಚಿಕ್ಕಂದಿನಿಂದ ‘ಓಟಿ ಎಷ್ಟು ಬಂತು’, ಅಂದರೆ ಚೆರಿಯಿಂದ ಬೇಳೆ ಎಷ್ಟು ಸಿಕ್ಕಿತು, ಅನ್ನುವ ಮಾತು ಕೇಳುತ್ತಲೇ ಬೆಳೆದವನು ನಾನು. ಹೆಡ್‌ಲೈನ್ ನೋಡಿದ ಕೂಡಲೇ ಅದೆಲ್ಲ ಮರೆತೇ ಹೋಗಿತ್ತು. ಮೇಲಾಗಿ ಅದು ಮುಂದಿನ ತಿಂಗಳುಗಳ ಒಪ್ಪಂದದ ಬೆಲೆ, ಆ ದಿನ ನಮ್ಮ ಅಂಗಳದಲ್ಲಿ ಸಿಗುವ ದುಡ್ಡಲ್ಲ.

ಆಮೇಲೆ ರೊಬಸ್ಟಾ ಬೆಲೆಯೂ ಏರಿತು, ನಿಜ. ಹಾಗಂತ ನನ್ನ ಲೆಕ್ಕ ಸರಿ ಇತ್ತು ಅಂತ ಅಲ್ಲ. ಕೆಲವರು ಈಗಲೂ ‘ನೀನು ಹೇಳಿದ್ದೇ ಆಯ್ತಲ್ಲ’ ಅಂತಾರೆ. ಅದು ಕೇಳಿದಾಗ ಇನ್ನೂ ಮುಜುಗರ ಆಗುತ್ತದೆ.

ಅಲ್ಲಿಂದ ಈಚೆಗೆ ಯಾವ ಅಂಕಿ ಕಂಡರೂ ಅದು ಯಾವುದರದ್ದು, ಯಾವುದಕ್ಕೆ ಹೋಲಿಸಿದ್ದು ಅಂತ ಮೊದಲು ನೋಡುತ್ತೇನೆ. 2024ರ ಜೂನ್ 4ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 4,389 ಅಂಶ ಬಿತ್ತು. 2020ರ ಮಾರ್ಚ್ 23ರಂದು ಬಿದ್ದದ್ದು 3,934 ಅಂಶ. ಅಂಶ ನೋಡಿದರೆ ಜೂನ್‌ನದ್ದೇ ದೊಡ್ಡದು. ಆದರೆ ಶೇಕಡಾ ಲೆಕ್ಕದಲ್ಲಿ ಮಾರ್ಚ್‌ನದ್ದು 13, ಜೂನ್‌ನದ್ದು ಆರಕ್ಕಿಂತ ಕಡಿಮೆ. ಜೂನ್ 4ರ ಆ ಸಂಜೆ ತಂಗಿ ಫೋನ್ ಮಾಡಿ, ಮ್ಯೂಚುವಲ್ ಫಂಡ್ ದುಡ್ಡು ತೆಗೆದುಬಿಡಲಾ ಅಂತ ಕೇಳಿದಳು. ಇಷ್ಟನ್ನೇ ಅವಳಿಗೆ ಬಿಡಿಸಿ ಹೇಳಿದೆ. ತೆಗೆಯೋದು ಬಿಡೋದು ಅವಳಿಗೇ ಬಿಟ್ಟೆ.

ಆ ವ್ಯಾಪಾರಿ ಹತ್ತಿರ ಕ್ಷಮೆ ಕೇಳಲು ನನಗೆ ಒಂದೂವರೆ ವರ್ಷ ಬೇಕಾಯಿತು. ಮುಂದಿನ ಕೊಯ್ಲಿಗೂ ಚೆರಿ ಹಾಕಲು ಅಪ್ಪನೇ ಹೋದರು, ನಾನು ಜೀಪಿನಿಂದ ಇಳಿಯಲಿಲ್ಲ. ಅದರ ಮರುವರ್ಷ ಇಳಿದು ಹೋಗಿ, ‘ಅವತ್ತು ತಿಳೀದೆ ಮಾತಾಡಿದೆ, ತಪ್ಪಾಯ್ತು’ ಅಂದೆ. ಅವರು ತೂಕದ ಚೀಟಿ ಬರೆಯುತ್ತಿದ್ದರು. ‘ಕೂತ್ಕೋ, ಕಾಫಿ ತರಿಸ್ತೀನಿ’ ಅಂದರು.