ಹೆಡ್‌ಫೋನ್‌ನಲ್ಲಿ ಗುಡುಗುವ ನನ್ನ ಟ್ರ್ಯಾಕಿನ ಬೇಸ್ ಚಿತ್ರದುರ್ಗದ ಮೆರವಣಿಗೆಯ ಸೌಂಡ್‌ನಲ್ಲಿ ಮಾಯವಾಗುತ್ತದೆ, ಯಾವ ಡಿಸ್ಟಾರ್ಷನ್ ಪ್ಲಗಿನ್ ಕೊಳ್ಳಲಿ?

ಸದ್ದನ್ನು ಬೇಕೆಂದೇ ಕೆಡಿಸುವ ಸಾಫ್ಟ್‌ವೇರ್, ಅಂದರೆ ಡಿಸ್ಟಾರ್ಷನ್ ಪ್ಲಗಿನ್, ಯಾವುದನ್ನೂ ಕೊಳ್ಳಬೇಡಿ. ಚಿತ್ರದುರ್ಗದ ಮೆರವಣಿಗೆಯಲ್ಲಿ ನಿಮ್ಮ ಟ್ರ್ಯಾಕಿಗೆ ಆದದ್ದೇ ದಾವಣಗೆರೆಯ ಹಳೆ ಪಿ.ಬಿ. ರಸ್ತೆಯಲ್ಲಿ ಗಣೇಶ ವಿಸರ್ಜನೆಯ ರಾತ್ರಿ ನನ್ನ ಟ್ರ್ಯಾಕಿಗೂ ಆಯಿತು, ಮತ್ತು ಅದಕ್ಕೂ ಪ್ಲಗಿನ್ನಿಗೂ ಯಾವ ಸಂಬಂಧವೂ ಇರಲಿಲ್ಲ.

ಸೌಂಡ್ ಸೆಟ್ ಬಾಡಿಗೆಗೆ ಕೊಡುವ ಒಬ್ಬರಿಗಾಗಿ ಡೊಳ್ಳಿನ ಲೂಪ್ ಇಟ್ಟು 128 ಬಿಪಿಎಂನ (ನಿಮಿಷಕ್ಕೆ 128 ಬೀಟ್) ಒಂದು ರೀಮಿಕ್ಸ್ ಮಾಡಿದ್ದೆ. ಡ್ರಾಪ್‌ನಲ್ಲಿ, ಅಂದರೆ ಬೀಟ್ ಜೋರಾಗಿ ಅಪ್ಪಳಿಸುವ ಭಾಗದಲ್ಲಿ, ಜಿ ಸ್ವರದ, ಅಂದರೆ 49 ಹರ್ಟ್ಸ್‌ನ, ಒಂದೇ ಉದ್ದನೆಯ ಬೇಸ್ ಇತ್ತು. ಲಾರಿಯ ಮೇಲೆ ತೀರಾ ಕೆಳಗಿನ ಬೇಸ್ ನುಡಿಸುವ 18 ಇಂಚಿನ ಸಬ್‌ಗಳು ಸಾಲಾಗಿ ನಿಂತಿದ್ದವು, ರಾತ್ರಿ 10ರ ಗಡುವು ಹತ್ತಿರವಾಗುತ್ತಿತ್ತು, ಹುಡುಗರು ಡ್ರಾಪ್‌ಗಾಗಿ ಕೈ ಎತ್ತಿ ಕಾಯುತ್ತಿದ್ದರು. ಡ್ರಾಪ್ ಬಂದಾಗ ಮೇಲಿನ ಹಾರ್ನ್‌ಗಳಿಂದ ಕರಕರ ಸದ್ದು ಮಾತ್ರ ಹೊರಟಿತು. ಬೇಸ್ ಒಂದು ಬಾರ್‌ನಲ್ಲಿ (ನಾಲ್ಕು ಬೀಟ್‌ನ ಅಳತೆ) ಉಬ್ಬಿ ಬಂದು ಅದೇ ಬಾರ್‌ನಲ್ಲಿ ಇಳಿದುಹೋಗುತ್ತಿತ್ತು. ಆಪರೇಟರ್ ನನ್ನ ಮುಖ ನೋಡದೆ ಫೇಡರ್ ಇಳಿಸಿ ಬೇರೆ ಹಾಡಿಗೆ ಹೋದರು. ಆ ಸೀಸನ್ನಿನ ಉಳಿದ ರೀಮಿಕ್ಸ್‌ಗಳೆಲ್ಲ ಬೇರೆಯವರ ಪಾಲಾದವು.

ಏನಾಗಿತ್ತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಾಜೆಕ್ಟ್‌ನಲ್ಲೂ ಇದೇ ಇರುವ ಸಾಧ್ಯತೆ ಹೆಚ್ಚು. ನಾನು ಒಂದೇ ಸಿಂತ್ ಪ್ಯಾಚ್‌ನಲ್ಲಿ (ಸಿಂತಸೈಜರ್‌ನ ಒಂದು ಸೆಟ್ಟಿಂಗ್) ಗರಗಸದ ಹಲ್ಲಿನಾಕಾರದ ಸಾ ವೇವ್ ಹಾಕಿ, ಒಂದೇ ಸ್ವರವನ್ನು ಒಂದಕ್ಕಿಂತ ಹೆಚ್ಚು ಧ್ವನಿಗಳಲ್ಲಿ ನುಡಿಸುವ ಯೂನಿಸನ್ ತೆರೆದು, ಧ್ವನಿಗಳನ್ನು 10 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಮೇಲೆ ಮತ್ತು 10 ಸೆಂಟ್ ಕೆಳಗೆ ಶ್ರುತಿ ತಪ್ಪಿಸಿ, ಅಂದರೆ ಡಿಟ್ಯೂನ್ ಮಾಡಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಹರಡಿ, ಇಡೀ ಸದ್ದನ್ನು ಡಿಸ್ಟಾರ್ಷನ್‌ಗೆ ಕೊಟ್ಟಿದ್ದೆ. ಹಾಗೆ ಮಾಡಿದಾಗ ಎಡಗಡೆಯ ಮೂಲಸ್ವರ ಸುಮಾರು 48.7 ಹರ್ಟ್ಸ್‌ನಲ್ಲಿಯೂ ಬಲಗಡೆಯದು 49.3 ಹರ್ಟ್ಸ್‌ನಲ್ಲಿಯೂ ಓಡುತ್ತವೆ. ಹೆಡ್‌ಫೋನ್‌ನಲ್ಲಿ ಒಂದೊಂದು ಕಿವಿಗೆ ಒಂದೊಂದು ತಲುಪುವುದರಿಂದ ಅವು ಎಲ್ಲಿಯೂ ಕೂಡುವುದಿಲ್ಲ, ನಮಗೆ ಅಗಲವಾದ, ದಪ್ಪನೆಯ ಸದ್ದು ಕೇಳಿಸುತ್ತದೆ. ಆದರೆ ಲಾರಿಯ ಸುತ್ತಲೂ ಜನ ನಡೆಯುವಾಗ ಸ್ಟೀರಿಯೋಗೆ ಅರ್ಥವಿಲ್ಲವೆಂದು ಆಪರೇಟರ್‌ಗಳು ಎಡ ಬಲ ಎರಡನ್ನೂ ಕೂಡಿಸಿ ಮೊನೊ ಮಾಡಿಯೇ ಸಬ್‌ಗೆ ಕೊಡುತ್ತಾರೆ, ಮತ್ತು ಅವರು ಮಾಡುವುದು ಸರಿಯೇ. ಕೂಡಿದ ಕ್ಷಣದಿಂದ ಆ ಎರಡು ಮೂಲಸ್ವರಗಳು ಒಮ್ಮೆ ಜೊತೆಯಾಗಿ ಉಬ್ಬುತ್ತವೆ, ಒಮ್ಮೆ ಎದುರುಬದುರಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಅವುಗಳ ನಡುವಿನ ಅಂತರ 0.57 ಹರ್ಟ್ಸ್‌ನಷ್ಟಿರುವುದರಿಂದ ಈ ಏರಿಳಿತ ಸುಮಾರು 1.8 ಸೆಕೆಂಡಿಗೊಮ್ಮೆ ಆಗುತ್ತದೆ. 128 ಬಿಪಿಎಂನಲ್ಲಿ ಒಂದು ಬಾರ್ ಹೆಚ್ಚುಕಡಿಮೆ ಅಷ್ಟೇ ಉದ್ದ. ಪ್ರತಿ ಬಾರ್‌ಗೂ ಒಮ್ಮೆ ಬೇಸ್ ಸಾಯುತ್ತಿದ್ದುದು ಇದೇ ಲೆಕ್ಕದಿಂದ.

ಇದನ್ನು ಮನೆಯಲ್ಲಿ ನನ್ನಿಂದ ಮುಚ್ಚಿಟ್ಟದ್ದು ಡಿಸ್ಟಾರ್ಷನ್. ಅದು 98, 147, 196 ಹರ್ಟ್ಸ್ ಹೀಗೆ ಮೇಲುಮೇಲಿನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳನ್ನು, ಬಲಪಡಿಸುತ್ತದೆ. ಮೂಲಸ್ವರ ಇಲ್ಲದಿದ್ದರೂ ಈ ಸಾಲನ್ನು ಕೇಳಿದ ಮೆದುಳು 49 ಅಲ್ಲಿಯೇ ಇದೆ ಎಂದು ತುಂಬಿಕೊಳ್ಳುತ್ತದೆ. ಮೊಬೈಲಿನ ಸಣ್ಣ ಸ್ಪೀಕರ್‌ನಲ್ಲೂ ಬೇಸ್ ಕೇಳಿದಂತೆ ಅನಿಸುವುದು ಇದರಿಂದಲೇ. ಆದರೆ ಎದೆಗೆ ಬಡಿಯಬೇಕಾದದ್ದನ್ನು ಮೆದುಳು ತುಂಬಿಕೊಡುವುದಿಲ್ಲ. ಇಂಥ ಪ್ಯಾಚ್‌ಗೆ ಇನ್ನೊಂದು ಪ್ಲಗಿನ್ ಸೇರಿಸುವುದು ಹಳಸಿದ ಸಾರಿಗೆ ಒಗ್ಗರಣೆ ಕೊಟ್ಟಂತೆ.

ಡಿಟ್ಯೂನ್ ಇಲ್ಲದೆ ರೀಸ್ ಬೇಸ್ ಹೇಗೆ ಎಂದು ನೀವು ಕೇಳಬಹುದು. ಡೆಟ್ರಾಯಿಟ್‌ನ ಕೆವಿನ್ ಸಾಂಡರ್ಸನ್ 1988ರಲ್ಲಿ ರೀಸ್ ಎಂಬ ಹೆಸರಿನಲ್ಲಿ ಹೊರತಂದ ಹಾಡಿನಿಂದ ಬಂದ ಆ ಸದ್ದಿನ ಜೀವಾಳವೇ ಡಿಟ್ಯೂನ್, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಸಬ್‌ನೊಳಗೆ ಹೋಗಬಾರದು ಎಂಬುದಷ್ಟೇ ನನ್ನ ಹಟ.

ಈಗ ನಾನು ಎರಡು ಟ್ರ್ಯಾಕ್ ಇಟ್ಟುಕೊಳ್ಳುತ್ತೇನೆ. ಕೆಳಗಿನದರಲ್ಲಿ ಮೊನೊ ಸೈನ್ ವೇವ್ (ಹಾರ್ಮೋನಿಕ್ ಇಲ್ಲದ ಶುದ್ಧ ಸ್ವರ) ಒಂದೇ ಇರುತ್ತದೆ, ಯೂನಿಸನ್ ಇಲ್ಲ, ಪ್ರತಿ ನೋಟ್‌ಗೂ ಅಲೆಯ ಫೇಸ್, ಅಂದರೆ ಅದು ಶುರುವಾಗುವ ಬಿಂದು, ಮೊದಲಿನಿಂದ ಶುರುವಾಗುವಂತೆ ರೀಟ್ರಿಗರ್ ಹಾಕಿರುತ್ತೇನೆ. ಮೇಲಿನದರಲ್ಲಿ ಡಿಟ್ಯೂನ್ ಇಟ್ಟು ಎಷ್ಟು ಬೇಕಾದರೂ ಕೆಡಿಸಬಹುದು, ಆದರೆ ಡಿಸ್ಟಾರ್ಷನ್‌ಗೆ ಮೊದಲು 100 ಹರ್ಟ್ಸ್ ಸುಮಾರಿಗೆ ಒಂದು ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಹಾಕುತ್ತೇನೆ, ಡಿಸ್ಟಾರ್ಷನ್ ಆದ ಮೇಲೆ ಅಲ್ಲಿಯೇ ಮತ್ತೊಂದನ್ನು ಹಾಕುತ್ತೇನೆ. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಎರಡು ಸ್ವರಗಳು ಒಟ್ಟಿಗೆ ಡಿಸ್ಟಾರ್ಷನ್ ಹೊಕ್ಕರೆ ಅವುಗಳ ವ್ಯತ್ಯಾಸವೂ ಹೊಸ ಸ್ವರವಾಗಿ ಹುಟ್ಟುತ್ತದೆ. ಜಿ ಮತ್ತು ಅದರ ಮೇಲಿನ ಡಿ, ಅಂದರೆ 98 ಮತ್ತು 147, ಸೇರಿದರೆ ನೀವು ಬರೆಯದ 49 ಕೆಳಗೆ ತಾನಾಗಿ ಬಂದು ನಿಮ್ಮ ಶುದ್ಧ ಸೈನ್ ಬೇಸ್‌ನೊಂದಿಗೆ ಜಗಳ ತೆಗೆಯುತ್ತದೆ.

ಕೆಡಿಸುವ ಕ್ರಮದಲ್ಲಿ ಒಂದೇ ದೊಡ್ಡ ಡ್ರೈವ್‌ಗಿಂತ ಸಣ್ಣ ಸ್ಯಾಚುರೇಷನ್‌ಗಳನ್ನು (ಮೆದುವಾದ ಡಿಸ್ಟಾರ್ಷನ್) ಒಂದರ ಹಿಂದೆ ಒಂದು ಇಟ್ಟು, ನಡುವೆ ಚಲಿಸುವ ಫಿಲ್ಟರ್ ಹಾಕುವುದು ನನಗೆ ಹಿಡಿಸುತ್ತದೆ. ಫಿಲ್ಟರ್ ಮೊದಲು, ಡಿಸ್ಟಾರ್ಷನ್ ನಂತರ ಬಂದಾಗ ಬೇಸ್ ಬಾಯಿ ತೆರೆದು ಮಾತಾಡಿದಂತಾಗುತ್ತದೆ. ಅಲೆಯ ಮೇಲಿನ, ಕೆಳಗಿನ ಎರಡೂ ಬದಿ ಸಮನಾಗಿ ಕತ್ತರಿಸುವ ಕ್ಲಿಪ್ಪರ್ ಬೆಸ ಹಾರ್ಮೋನಿಕ್‌ಗಳನ್ನು ಮಾತ್ರ ಸೇರಿಸುತ್ತದೆ, ಒಂದು ಬದಿ ಹೆಚ್ಚು ಕತ್ತರಿಸುವುದು ಸಮ ಹಾರ್ಮೋನಿಕ್‌ಗಳನ್ನೂ ತರುತ್ತದೆ. ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ ಮಾಡಿಸುವ ಓವರ್‌ಸ್ಯಾಂಪ್ಲಿಂಗ್ ಗುಂಡಿ ಇದ್ದರೆ ಒತ್ತಿ, ಇಲ್ಲವಾದರೆ 44.1 ಕಿಲೋಹರ್ಟ್ಸ್ ಪ್ರಾಜೆಕ್ಟ್‌ನಲ್ಲಿ ಅದರ ಅರ್ಧವಾದ 22,050 ಹರ್ಟ್ಸ್ ಮೀರಿದ ಹಾರ್ಮೋನಿಕ್‌ಗಳು ಬೇಸುರವಾಗಿ ಕೆಳಕ್ಕೆ ಮಡಚಿಕೊಳ್ಳುತ್ತವೆ. ಇದಕ್ಕೆಲ್ಲ ವೈಟಲ್ ಎಂಬ ಸಿಂತ್‌ನ ಉಚಿತ ಆವೃತ್ತಿಯೋ ಉಚಿತ ಸಿಂತ್ ಆದ ಸರ್ಜ್ ಎಕ್ಸ್‌ಟಿಯೋ ಧಾರಾಳವಾಗಿ ಸಾಕು. ದುಡ್ಡು ಕೊಟ್ಟು ಕೊಳ್ಳುವ ಸೀರಮ್ ಸಿಂತ್ ಇದ್ದವರ ಬೇಸ್‌ಗಳೂ ಲಾರಿಯ ಮೇಲೆ ಸತ್ತದ್ದನ್ನು ನಾನು ಕೇಳಿದ್ದೇನೆ. ಡಿಸ್ಟಾರ್ಷನ್ ಹಾಕಿದ್ದನ್ನೂ ಹಾಕದ್ದನ್ನೂ ಹೋಲಿಸುವಾಗ ಎರಡರ ಮಟ್ಟವನ್ನು ಮೊದಲು ಸಮ ಮಾಡಿಕೊಳ್ಳಿ, ಏಕೆಂದರೆ ಜೋರಾಗಿರುವುದು ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತದೆ.

ಮಾಸ್ಟರ್‌ನಲ್ಲಿ ಮೊನೊ ಗುಂಡಿ ಒತ್ತಿ ಇಡೀ ಡ್ರಾಪ್ ಕೇಳದೆ ಫೈಲ್ ಕೊಡಬೇಡಿ. ಸಾಧ್ಯವಾದರೆ ಮಿಕ್ಸ್ ಶುರುವಾಗುವ ಮೊದಲೇ ಆಪರೇಟರ್‌ಗೆ ಫೋನ್ ಮಾಡಿ ಸಬ್‌ನ ಕ್ರಾಸೋವರ್ (ಸಬ್‌ಗೂ ಮೇಲಿನ ಸ್ಪೀಕರ್‌ಗಳಿಗೂ ಸದ್ದು ಹಂಚುವ ಗಡಿ) ಎಷ್ಟಕ್ಕೆ ಇಟ್ಟಿದ್ದಾರೆ, ಕೆಳಗೆ ಎಲ್ಲಿ ಕತ್ತರಿಸಿದ್ದಾರೆ ಎಂದು ಕೇಳಿಕೊಳ್ಳಿ. ಹಾಡು ಡಿ ಸ್ವರದಲ್ಲಿದ್ದರೆ ಬೇಸ್ 36.7 ಹರ್ಟ್ಸ್‌ಗೆ ಇಳಿಯುತ್ತದೆ, ಬಾಡಿಗೆ ಬಾಕ್ಸ್‌ಗಳಲ್ಲಿ ಅನೇಕವು ಅಲ್ಲಿ ಸೊರಗಿರುತ್ತವೆ. ಹಾಡುವವರ ಗಂಟಲು ಒಪ್ಪಿದರೆ ಅದನ್ನು ಎಫ್‌ಗೋ ಜಿಗೋ ಏರಿಸಿಕೊಳ್ಳಿ.